ದುರುಗಮ್ಮ ಕುರಿ ಹತ್ತಿಸಿದ ಕೊರಕಲು

ದುರುಗಮ್ಮನ ವಿಷಯ ಬರೆದುಕೊಳ್ಳುವುದಾದರೆ ಅವಳ ಕಾಲಿನಿಂದಲೇ ಶುರು ಮಾಡು ಮಗಳೇ. ಅಂಥ ಕಾಲು ನಾನು ಬೇರೆ ಯಾರಲ್ಲೂ ನೋಡಲಿಲ್ಲ. ಕಾರೆಮುಳ್ಳು ಚುಚ್ಚಿದರೂ ನಿಂತು ನೋಡುವವಳಲ್ಲ, ನಡೆಯುತ್ತಲೇ ಕಿತ್ತು ಎಸೆಯುತ್ತಿದ್ದಳು. ತಾಳಗುಂದದಲ್ಲಿ ನಮ್ಮ ಹೊಲಕ್ಕೆ ಅಂಟಿಕೊಂಡೇ ಅವರ ಕುರಿಹಟ್ಟಿ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಅವರ ಕುರಿಗಳು ನಮ್ಮ ಹೊಲದಲ್ಲಿ ಮಲಗುತ್ತಿದ್ದವು. ಅದಕ್ಕೆ ನಮ್ಮತ್ತೆ ಜೋಳ ಅಳೆದು ಕೊಟ್ಟರೆ, ಅವರು ಅತ್ತ ತಿರುಗಿದಾಗ ನಾನು ಇನ್ನೊಂದು ಬೊಗಸೆ ಹಾಕುತ್ತಿದ್ದೆ. ಹಾಗೆ ಬೆಳೆದ ಸ್ನೇಹ ನಮ್ಮದು.

ಹೊಸ ಪೈಸೆ ಬಂದ ಮರುವರ್ಷದ ಬೇಸಿಗೆ ಅದು. ಅವಳ ಗಂಡ ಸಣ್ಣಬೀರಪ್ಪ ಕುರಿಗೆ ಸೊಪ್ಪು ಕಡಿಯಲು ಮರ ಹತ್ತಿ, ಬಿದ್ದು, ಸೊಂಟ ಹಿಡಿದುಕೊಂಡು ಮಲಗಿದ್ದ. ಒಳ್ಳೆಯ ಮನುಷ್ಯ, ಪಾಪ, ನರಳಿದರೂ ಮೆತ್ತಗೆ ನರಳುವವನು. ಊರ ಹಳ್ಳ ಬತ್ತಿತ್ತು. ಕುರಿಗೆ ನೀರು ಬೇಕೆಂದರೆ ತೊಗರ್ಸಿಯ ಆಚೆಯ ಗುಡ್ಡದ ನೆತ್ತಿಯಲ್ಲಿದ್ದ ದೊಣೆಗೇ ಹೋಗಬೇಕು. ದೊಣೆ ಎಂದರೆ ಬಂಡೆಯೊಳಗಿನ ತಗ್ಗು, ಬೇಸಿಗೆಯಲ್ಲೂ ಅಲ್ಲಿ ನೀರು ನಿಂತಿರುತ್ತದೆ. ಅಲ್ಲಿಗೆ ನಮ್ಮ ಕಡೆಯಿಂದ ಇದ್ದದ್ದು ಒಂದೇ ದಾರಿ, ಮಳೆನೀರು ಗುಡ್ಡ ಸೀಳಿ ಮಾಡಿದ ಕೊರಕಲು. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಜಾರುವ ಕಲ್ಲು. ಒಂದು ಹಸಿರು ಕಡ್ಡಿ ಇಲ್ಲ. ಬಿಸಿಲಿಗೆ ಕಲ್ಲೆಲ್ಲ ರೊಟ್ಟಿ ಹೆಂಚು.

ಸಣ್ಣಬೀರಪ್ಪನ ಅಣ್ಣ ಜಟ್ಟಪ್ಪ ಹಟ್ಟಿಗೆ ಬಂದು ಕೂತ.

"ನಿನ್ ಕುರೀನ ನನ್ ಹಿಂಡಿಗೆ ಸೇರಿಸ್ಬಿಡವ್ವಾ. ಆ ಕೊರಕಲು ಹೆಂಗಸ್ರು ಹತ್ತೋ ಜಾಗ ಅಲ್ಲ."

"ಸೇರಿಸಿದ್ ಮೇಲೆ ವಾಪಸ್ ಬರ್ತಾವಾ ಭಾವ?"

"ಕಿವಿಗೆ ನನ್ ಗುರ್ತು ಹಾಕ್ತೀನಿ. ಆಮೇಲೆ ನಿಂದೇನು, ನಂದೇನು, ಎಲ್ಲಾ ಒಂದೇ."

ಕುರುಬರಲ್ಲಿ ಒಬ್ಬೊಬ್ಬರದೂ ಒಂದೊಂದು ಕಿವಿಗುರುತು. ಒಮ್ಮೆ ಕಿವಿ ಕತ್ತರಿಸಿದರೆ ಆ ಕುರಿ ಅವರದೇ. ದುರುಗಮ್ಮನಿಗೆ ಅದು ಚೆನ್ನಾಗಿ ಗೊತ್ತು.

"ನಾಳೆ ನಾನೇ ಹತ್ತಿಸ್ತೀನಿ."

"ಹತ್ತಿಸು. ನಾನು ದೊಣೆ ಹತ್ರಾನೇ ಇರ್ತೀನಿ. ನೀನು ಬರಲಿಲ್ಲ ಅಂದ್ರೆ ಕತ್ತರಿ ತಗಂಡು ನಾನೇ ಇಳ್ದು ಬರ್ತೀನಿ."

ತವರಿಗೆ ಹೋಗಬೇಕಿದ್ದ ನಾನೂ ಮರುದಿನ ಅವಳ ಜೊತೆ ಹೊರಟೆ. ನನ್ನ ತವರು ಸೊರಬದ ಕಡೆ, ಗುಡ್ಡ ದಾಟಿದರೆ ಹತ್ತಿರ. ಬಸ್ಸು ಹತ್ತಿದರೆ ವಾಕರಿಕೆ ಬಂದು ಸೊರಬ ಮುಟ್ಟುವವರೆಗೂ ಸೆರಗು ಬಾಯಲ್ಲೇ ಇಟ್ಟುಕೊಳ್ಳಬೇಕಿತ್ತು ನಾನು. ನಮ್ಮತ್ತೆ ಮಾತ್ರ ನಾನು ಬಸ್ಸಿಗೇ ಹೋದೆ ಅಂದುಕೊಂಡಿದ್ದರು.

ಕೊರಕಲಿನ ಬಾಯಿಗೆ ಬಂದ ಕುರಿಗಳು ತಲೆ ತಗ್ಗಿಸಿ ನಿಂತುಬಿಟ್ಟವು. ದುರುಗಮ್ಮ ಹಣೆ ಚಚ್ಚಿಕೊಂಡಳು.

"ಆಡು ಬಿಟ್ ಬಂದ್ನಲ್ಲ ವನಜಕ್ಕ."

ಕುರಿ ಬಂಡೆ ಕಂಡರೆ ಹೆದರುತ್ತದೆ, ಆಡು ಹೆದರುವುದಿಲ್ಲ. ಅದಕ್ಕೇ ಕುರುಬರು ಹಿಂಡಿನಲ್ಲಿ ಒಂದೆರಡು ಆಡು ಇಟ್ಟುಕೊಳ್ಳುತ್ತಾರೆ. ಅವು ಮುಂದೆ ಹತ್ತಿದರೆ ಕುರಿ ಹಿಂದೆ ಹತ್ತುತ್ತವೆ. ಇವಳು ಗಂಡನಿಗೆ ಹಾಲಾಗಲಿ ಎಂದು ಆಡುಗಳನ್ನು ಹಟ್ಟಿಯಲ್ಲೇ ಕಟ್ಟಿ ಬಂದಿದ್ದಳು.

"ಹೋಗಿ ತರಾಣೇನೆ?" ಅಂದೆ.

"ಅಷ್ಟರಾಗೆ ಇವು ನೀರಿಲ್ದೆ ಬಿದ್ ಹೋಗ್ತಾವೆ."

ಹಿಂದಿನಿಂದ ತಳ್ಳಿ ನೋಡಿದೆವು. ಮುಂದಿನವು ತಿರುಗಿ ನಮ್ಮ ಕಾಲೊಳಗೇ ನುಗ್ಗಿದವು. ಟಗರೊಂದು ಗುದ್ದಿ ನನ್ನನ್ನು ಕಲ್ಲಿನ ಮೇಲೆ ಕೂರಿಸಿತು. ಮೇಲಿನಿಂದ ಜಟ್ಟಪ್ಪನ ದನಿ ಕೇಳಿತು: "ಏನವ್ವಾ, ಅಲ್ಲೇ ಮನೆ ಕಟ್ತಿದ್ದೀಯಾ?"

ದುರುಗಮ್ಮ ಹಿಂಡಿನೊಳಗೆ ಹೋಗಿ ಎಳೆ ಮರಿಗಳನ್ನು ಹಿಡಿದಳು. ಎರಡನ್ನು ಗಂಡನ ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು, ಎರಡನ್ನು ನನ್ನ ಸೆರಗಿನ ಮಡಿಲಿಗೆ ಕಟ್ಟಿದಳು.

"ಆಡಿಲ್ದಿದ್ರೆ ನಾವೇ ಆಡು. ಬಾ."

ಹತ್ತಿದೆವು. ಕೈಯೂರಿದ ಕಡೆ ಕೈ ಸುಡುತ್ತಿತ್ತು, ಕಾಲಿಟ್ಟ ಕಡೆ ಕಲ್ಲು ಜಾರುತ್ತಿತ್ತು. ಮರಿಗಳು ಅರಚಿದವು. ಕೆಳಗಿದ್ದ ತಾಯಿಕುರಿಗಳು ಕತ್ತೆತ್ತಿ ನೋಡಿದವು. ಒಂದು ಮುದಿ ಕುರಿ ಬಂಡೆಗೆ ಕಾಲಿಟ್ಟಿತು, ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಇಡೀ ಹಿಂಡು ಕೊರಕಲಿನಲ್ಲಿತ್ತು.

ತುದಿಯಲ್ಲಿ ಒಂದು ನುಣುಪು ಬಂಡೆ. ನಾವು ತೆವಳಿ ಹತ್ತಿದೆವು, ಕುರಿಗಳ ಗೊರಸು ಮಾತ್ರ ನಿಲ್ಲಲಿಲ್ಲ. ಮುದಿ ಕುರಿ ಎರಡು ಸಲ ಜಾರಿ ಮೊಣಕಾಲೂರಿತು. ದುರುಗಮ್ಮ ಮರಿಗಳನ್ನೆಲ್ಲ ನನಗೆ ಕೊಟ್ಟು, ಕಂಬಳಿ ಬಿಚ್ಚಿ ಬಂಡೆಯ ಮೇಲೆ ಇಳಿಬಿಟ್ಟಳು. ಮೇಲಿನ ಅಂಚಿನ ಒಂದು ಮೂಲೆಯ ಮೇಲೆ ತಾನೇ ಕೂತಳು. ಇನ್ನೊಂದು ಮೂಲೆ ಮಡಚಿಕೊಳ್ಳುತ್ತಿತ್ತು. ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ನೋಡುತ್ತಿದ್ದ ಜಟ್ಟಪ್ಪ ಬಂದು ಆ ಮೂಲೆಯ ಮೇಲೆ ಕೂತ. ಒರಟು ಕಂಬಳಿಗೆ ಗೊರಸು ಕಚ್ಚಿ ನಿಂತಿತು. ಮುದಿ ಕುರಿ ಮೇಲೆ ಬಂತು. ಆಮೇಲೆ ಒಂದೊಂದಾಗಿ ಎಲ್ಲವೂ ಇಬ್ಬರ ನಡುವೆಯೇ ನಡೆದು ಬಂದವು, ನನ್ನನ್ನು ಗುದ್ದಿದ ಟಗರೂ ಸೇರಿ.

ದೊಣೆಯಲ್ಲಿ ಹಿರಿಯರ ಹಿಂಡು ಮೊದಲು ಕುಡಿಯುವುದು ಅವರ ಪದ್ಧತಿ. ಜಟ್ಟಪ್ಪ ತನ್ನ ಕುರಿಗಳನ್ನು ಕೋಲಿನಿಂದ ಹಿಂದಕ್ಕೆ ತಳ್ಳಿದ.

"ಮೊದ್ಲು ನಿನ್ ಕುರಿ ಕುಡೀಲಿ."

"ಕಿವಿ ಗುರ್ತು ಭಾವ?"

"ನಿಂದೇ ಇರ್ಲಿ ಬಿಡವ್ವ."

ಸಣ್ಣಬೀರಪ್ಪ ಎದ್ದು ಓಡಾಡುವಂತಾದ ಮೇಲೂ ಹಿಂಡು ಅವಳ ಕೈಯಲ್ಲೇ ಉಳಿಯಿತು. ಮರುವರ್ಷದ ಬೇಸಿಗೆಯಲ್ಲಿ ಜಟ್ಟಪ್ಪ ತನ್ನ ಹಿಂಡು ಹೊಡೆದುಕೊಂಡು ಬಂದು ಅವಳ ಹಟ್ಟಿಯ ಮುಂದೆ ನಿಂತ.

"ನಿನ್ನಂಗೆ ಹತ್ತಿಸೋರು ಯಾರೂ ಇಲ್ಲ. ನಮ್ಮವನ್ನೂ ಹತ್ತಿಸ್ಕೊಡವ್ವ."

ದುರುಗಮ್ಮ ಆಡುಗಳ ಹಗ್ಗ ಬಿಚ್ಚಿದಳು. "ಹತ್ತಿಸ್ತೀನಿ. ನೀವು ಹಿಂದೆ ಬರ್ರಿ ಭಾವ."