ವಕೀಲ ಚಾಚಾ ತೆಗೆಸಿದ ಸಾಲು

ಮೊನ್ನೆ ಮಗಳಿಗೆ ನೋಟ್‌ಬುಕ್ ತರಲು ಸ್ಟೇಷನ್ ರಸ್ತೆಗೆ ಹೋದಾಗ, ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಕಣ್ಣಿಗೆ ಬಿತ್ತು. ಇವು ಇನ್ನೂ ಸಿಗುತ್ತವೆಯೇ ಎಂದುಕೊಂಡು ಕೈಗೆತ್ತಿಕೊಂಡದ್ದೇ ತಡ, ಅದೇ ರಸ್ತೆಯ ಚಪ್ಪಲಿ ಅಂಗಡಿಯ ಮೇಲಿನ ಕೋಣೆ ನೆನಪಾಯಿತು... ಅಲ್ಲಿ ಕೂರುತ್ತಿದ್ದ ವಕೀಲ ಚಾಚಾ ನೆನಪಾದರು.

ಬಂದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ವಾರವಿಡೀ ಕೋರ್ಟು, ರವಿವಾರ ಮುಂಜಾನೆ ಸಂಘದ ಕೆಲಸ. ಸಂಘವೆಂದರೆ ಅವರು, ಒಬ್ಬ ನಿವೃತ್ತ ಮಾಸ್ತರು, ಇನ್ನಿಬ್ಬರು ವಕೀಲರು, ಅಷ್ಟೇ. ಮೊಬೈಲಿನಲ್ಲಿ ಏನೋ ಬರೆದು ಫಜೀತಿಗೆ ಸಿಕ್ಕವರಿಗೆ ಇವರದು ಬಿಟ್ಟಿ ಸಹಾಯ. ತಿಕೋಟಾ, ಬಬಲೇಶ್ವರದ ಕಾಲೇಜುಗಳಿಗೂ ಹೋಗಿ, "ಅಳಸು ಅಂತ ಯಾರರ ಅಂದ್ರ, ಬರದ ಕೊಡ್ರಿ ಅನ್ನೋದು ಕಲೀರಿ" ಎಂದು ಹೇಳಿಬರುತ್ತಿದ್ದರು.

ನಾನು ಸಿಕ್ಕಿಬಿದ್ದದ್ದು ನೀರಿನ ಟಾಕಿಯಿಂದ. ಆಗ ಸೊಲ್ಲಾಪುರ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಕೆಲಸಕ್ಕಿದ್ದೆ. ನಿಡೋಣಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಶಾಲೆಯ ಪಕ್ಕ ಹೊಸದಾಗಿ ಕಟ್ಟಿದ ಟಾಕಿ ಬಿರುಕು ಬಿಟ್ಟಿತ್ತು. ಅದರ ಕೆಳಗೇ ಮಕ್ಕಳ ಆಟ. ಫೋಟೋ ಹೊಡೆದು ಫೇಸ್‌ಬುಕ್ಕಿಗೆ ಹಾಕಿದೆ. ಅಷ್ಟಕ್ಕೆ ಸುಮ್ಮನಿರಬೇಕಲ್ಲ? ಗುತ್ತಿಗೆದಾರ ಅರ್ಧ ಸಿಮೆಂಟು ತನ್ನ ಮನೆಗೆ ಸಾಗಿಸಿದ್ದಾನೆ ಎಂದು ಒಂದು ಸಾಲು ಸೇರಿಸಿದೆ. ಆತ ದೂರು ಕೊಟ್ಟ. ಠಾಣೆಯಿಂದ ಫೋನ್ ಬಂತು. ಎಲ್ಲ ಅಳಿಸಿ ಮುಚ್ಚಳಿಕೆ ಬರೆದುಕೊಡು, ಇಲ್ಲವಾದರೆ ಕೇಸು ಎಂದು ಗುತ್ತಿಗೆದಾರ ಹೇಳಿಕಳಿಸಿದ. ಅಳಿಸಿದರೆ ಟಾಕಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಯಾರೋ ಹೇಳಿದರೆಂದು ರವಿವಾರ ಆ ಕೋಣೆಗೆ ಹೋದೆ. ಚಾಚಾ ನಾನು ಬರೆದದ್ದನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿದರು. ಯಾರೇ ಬಂದರೂ ಅವರದು ಒಂದೇ ಪದ್ಧತಿ. ಅಂಥದೇ ಎರಡು ಬಣ್ಣದ ಪೆನ್ಸಿಲಿನಿಂದ ಕಣ್ಣಾರೆ ಕಂಡದ್ದಕ್ಕೆ ನೀಲಿ ಗೆರೆ, ಕೇಳಿ ಬರೆದದ್ದಕ್ಕೆ ಕೆಂಪು.

"ಸಿಮೆಂಟ್ ಒಯ್ದದ್ದು ನೀ ನೋಡೀಯೇನು?"

"ಊರಾಗ ಎಲ್ಲಾರೂ ಅಂತಾರ್ರಿ."

"ಅಂತಾರ ಅನ್ನೋದು ಬ್ಯಾರೆ. ಆ ಸಾಲು ತಗಿ, ತಪ್ಪಾತು ಅಂತ ಬರಿ. ಫೋಟೋ ಅಲ್ಲೇ ಇರ್ಲಿ. ಅದಕ್ಕ ನಾ ನಿಂದರ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಇವರು ನನ್ನ ವಕೀಲರೋ ಅವನ ವಕೀಲರೋ ಎಂದು ಗೊಣಗುತ್ತಲೇ ಸಾಲು ತೆಗೆದೆ, ತಪ್ಪಾಯಿತು ಎಂದು ಬರೆದೆ. ಮರುದಿನ ಅವರು ಠಾಣೆಗೆ ಜೊತೆಗೇ ಬಂದರು. ಉಳಿದದ್ದರಲ್ಲಿ ಯಾವುದು ಸುಳ್ಳು, ಬರೆದುಕೊಡಿ ಎಂದು ಗುತ್ತಿಗೆದಾರನನ್ನು ಮೆತ್ತಗೆ ಕೇಳಿದರು. ಆತ ಪೆನ್ನು ಮುಟ್ಟಲಿಲ್ಲ. ಫೋಟೋ ಉಳಿಯಿತು. ತಿಂಗಳೊಳಗೆ ಪಂಚಾಯತಿಯವರು ಟಾಕಿಯ ನೀರು ಖಾಲಿ ಮಾಡಿಸಿ ಸುತ್ತ ಬೇಲಿ ಹಾಕಿದರು.

ಎರಡು ವರ್ಷ ಕಳೆದಿರಬೇಕು... ನಾನು ಬಬಲೇಶ್ವರದಲ್ಲಿ ಸ್ವಂತ ಅಂಗಡಿ ತೆರೆದಿದ್ದೆ. ಆಗ ಯಾರೋ ಚಾಚಾ ಬಗ್ಗೆ ಬರೆದರು. ಈ ಸಂಘ ಸುಳ್ಳು ಸುದ್ದಿ ಹಬ್ಬಿಸುವವರಿಗೆ ಆಸರೆ, ಬಂದವರನ್ನು ನಿಜವೋ ಸುಳ್ಳೋ ಎಂದು ಕೇಳುವುದೇ ಇಲ್ಲ ಎಂದು. ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕೋಣೆಯ ಮಾಲೀಕ ಖಾಲಿ ಮಾಡಿ ಎಂದುಬಿಟ್ಟ. ಒಂದು ಮಧ್ಯಾಹ್ನ ಚಾಚಾ ಫೋನ್ ಮಾಡಿದರು.

"ಯಪ್ಪಾ, ದೂರು ಗೀರು ನಾ ಕೊಡಂಗಿಲ್ಲ. ಬರಿಯವ್ರು ಬರೀಲಿ. ನಿನ್ನ ಸಾಲು ನಾ ತಗಸಿದ್ದು ಖರೆ ಐತಲ್ಲ, ಅಷ್ಟು ನೀ ಬರದ್ರ ಸಾಕು."

"ಬರೀತೀನ್ರಿ ಚಾಚಾ" ಎಂದೆ.

ಬರೆಯಲಿಲ್ಲ. ಅಂಗಡಿಗೆ ಎಲ್ಲ ಪಕ್ಷದವರೂ ಮೋಟಾರು ತರುತ್ತಿದ್ದರು, ಚಾಚಾ ಪರವಾಗಿ ಬರೆದು ಯಾರನ್ನು ಎದುರು ಹಾಕಿಕೊಳ್ಳಲಿ ಎಂದು ಇವತ್ತು ನಾಳೆ ಅನ್ನುತ್ತ ದಿನ ದೂಡಿದೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ, ಠಾಣೆಯಿಂದ ಫೋನೂ ಬಂದಿರಲಿಲ್ಲ. ನನ್ನ ಬಾಯಿ ನಾನೇ ಮುಚ್ಚಿಕೊಂಡೆ. ಚಾಚಾ ಮತ್ತೆ ಕೇಳಲಿಲ್ಲ. ಕೋಣೆ ಬಿಟ್ಟರು, ಸಂಘ ಚದುರಿತು, ಮರುವರ್ಷ ಅವರೂ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಮಗ ನನ್ನ ಕೈ ಹಿಡಿದು, "ಅಬ್ಬಾ ನಿಮ್ಮ ಹೆಸರು ಭಾಳ ತಗೀತಿದ್ರು" ಎಂದಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೊನ್ನೆ ಮನೆಗೆ ಬಂದವನೇ, ಅವರು ಅಂದು ಕೇಳಿದ್ದಷ್ಟನ್ನು ಫೇಸ್‌ಬುಕ್ಕಿನಲ್ಲಿ ಬರೆದು ಹಾಕಿದೆ. ಸಂಜೆ ಹೊತ್ತಿಗೆ ತಿಕೋಟಾದ ಕಾಲೇಜು ಹುಡುಗಿಯೊಬ್ಬಳು ಕೆಳಗೆ ಬರೆದಿದ್ದಳು: "ಅಣ್ಣಾರ, ಈ ಚಾಚಾ ಎಲ್ಲಿ ಸಿಗ್ತಾರ್ರಿ? ನಂಗೂ ಠಾಣೆಯಿಂದ ಫೋನ್ ಬಂದೈತ್ರಿ."

ಚಾಚಾ ಈಗಿಲ್ಲವ್ವ ಎಂದು ಬರೆದೆ. ಆಮೇಲೆ, ಬರೆದದ್ದರಲ್ಲಿ ನೀನು ಕಣ್ಣಾರೆ ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಕೇಳಿದೆ.