ಫಲಕದಲ್ಲಿಲ್ಲದ ಹೆಸರು

ನಮ್ಮ ಪಂಪ್‌ವೆಲ್ ಬದಿಯ ಆಂಗ್ಲಿಕನ್ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದ ಹಿರಿಯರೊಬ್ಬರಿಗೆ ಯಾವ ಕಟ್ಟಡ ತೋರಿಸಿದರೂ, ಅವರು ಕತ್ತೆತ್ತಿ ಕೇಳುತ್ತಿದ್ದ ಪ್ರಶ್ನೆ ಒಂದೇ: “ಕಟ್ಟುವಾಗ ಮೇಲೆ ಹತ್ತಿದ್ದು ಯಾರು?”

ಚರ್ಚನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ಕಟ್ಟಿಸಿದನೆಂದು ಗೋಡೆಯ ಫಲಕ ಹೇಳುತ್ತದೆ. ಅದಷ್ಟೇ ಚರಿತ್ರೆಯೆಂದು ನಾನು ನಂಬಿದವನಲ್ಲ. ಚರ್ಚಿನ ಹಬ್ಬದ ಸ್ಮರಣ ಪುಸ್ತಿಕೆಗೆ ನಾನು ಚರಿತ್ರೆ ಬರೆಯಲು ಕುಳಿತಾಗ ಆ ಗಂಟೆಯವರು ಹಳೆಯ ಸಮಾಧಿ ದಾಖಲೆಯನ್ನು ತಂದು ಮೊದಲ ಪುಟ ತೆರೆದರು. ಚರ್ಚಿನ ಪ್ರತಿಷ್ಠಾಪನೆಗೂ ಮುನ್ನ, ಅದರ ಮಾಡಿನಿಂದ ಬಿದ್ದು ಸತ್ತ ಹಂಚು ಹೊದಿಸುವವನ ಹೆಸರು ಅಲ್ಲಿತ್ತು.

“ಹಬ್ಬದ ಪುಸ್ತಕದಲ್ಲಿ ಸಾವು ಎಂತಕ್ಕೆ ಮಾರಾಯ್ರೆ?” ಎಂದರು ಸಭಾಪಾಲಕರು.

“ಹಾಗಾದ್ರೆ ಹಬ್ಬದ ಗಂಟೆ ನೀವೇ ಹೊಡೀರಿ, ಅಯ್ಯನವರೇ. ನನಗೆ ಪುರ್ಸೊತ್ತಿಲ್ಲ,” ಎಂದು ಗಂಟೆಯವರು ಹೊರನಡೆದರು.

ನಾನು ಆ ಹೆಸರಿನಿಂದಲೇ ಚರಿತ್ರೆಯನ್ನು ಆರಂಭಿಸಿದೆ. ಹಸ್ತಪ್ರತಿಯನ್ನು ಸಭಾಪಾಲಕರ ಮೇಜಿನ ಮೇಲಿಟ್ಟು, ಮೊದಲ ಸಾಲು ತೆಗೆಯುವುದಾದರೆ ಬರೆದವನ ಹೆಸರನ್ನೂ ತೆಗೆಯಬೇಕೆಂದೆ.