ಚುಕ್ಕೆಗೆರೆಯ ಮಾಮ

ತೊಂಬತ್ತರ ದಶಕದಲ್ಲಿ ನಾನು ಬಿ.ಎ.ಗೆ ಮಾನವಶಾಸ್ತ್ರ ತೆಗೆದುಕೊಂಡಾಗ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಮೂಗು ಮುರಿದರು. "ಮನುಷ್ಯರನ್ನ ಓದೋಕೆ ಕಾಲೇಜಿಗ್ಯಾಕೆ ಹೋಗ್ಬೇಕು? ಜೋಗುಪಾಳ್ಯದ ನಲ್ಲಿ ಹತ್ರ ನಿಂತ್ಕೋ, ಸಾಕು." ಅತ್ತೆಯ ಮಾತಿಗೆ ಕಿವಿಗೊಡುವವಳು ನಾನಲ್ಲ. ಆದರೆ ನಮ್ಮ ಮೇಡಂ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿಬಿಟ್ಟರು. ಕ್ಷೇತ್ರಕಾರ್ಯ ಅಂದರೆ ಕಾಡಿಗೆ ಹೋಗಿ ಜನರನ್ನು ನೋಡಿ ಬರುವುದಲ್ಲ, ಅವರ ನಡುವೆ ಇದ್ದು, ಅವರೊಂದಿಗೆ ಉಂಡು, ಅವರ ಕೆಲಸದಲ್ಲಿ ಕೈಜೋಡಿಸುತ್ತಲೇ ಗಮನಿಸುವುದು. ಅದಕ್ಕೆ ಸಹಭಾಗಿ ಅವಲೋಕನ ಎಂದು ಹೆಸರು. "ಮನೆಯಿಂದಲೇ ಶುರು ಮಾಡಿ. ನಿಮ್ಮ ಬಂಧುತ್ವದ ನಕ್ಷೆ ಬರ್ಕೊಂಡು ಬನ್ನಿ" ಎಂದರು.

ನಕ್ಷೆ ಸುಲಭ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಜೋಡಿಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ಕಷ್ಟವಿರುವುದು ಹೆಸರುಗಳಲ್ಲಿ. ಇಂಗ್ಲಿಷಿನಲ್ಲಿ ಎಲ್ಲರೂ ಕಸಿನ್ನುಗಳೇ. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಒಡಹುಟ್ಟಿದವರ ಸಮಾನ, ಸೋದರಮಾವನ ಮಗ ಮದುವೆಯಾಗಬಹುದಾದ ಭಾವ. ಏನೆಂದು ಕರೆಯುತ್ತೇವೋ ಹಾಗೆ ನಡೆದುಕೊಳ್ಳಬೇಕು. ಈ ಲೆಕ್ಕದಲ್ಲಿ ಒಬ್ಬಳೇ ಮಗಳಾದ ನನ್ನ ಅಮ್ಮನಿಗೂ ಒಬ್ಬ ಅಣ್ಣನಿದ್ದ, ಹೊರಮಾವಿನ ದೊಡ್ಡಪ್ಪನ ಮಗ. ಹಳೆಯ ಮುನಿಸೊಂದನ್ನು ಹಿಡಿದುಕೊಂಡು ಅವರು ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಅವರಿಗೊಂದು ತ್ರಿಕೋನ ಬರೆದೆ. ಪಕ್ಕದ ಮನೆಯ ಮಾಮನನ್ನು ಎಲ್ಲಿಡುವುದೆಂದು ತಿಳಿಯದೆ ಪೆನ್ಸಿಲ್ ಕಚ್ಚುತ್ತ ಕೂತೆ.

ಮಾಮ ಶಿವಾಜಿನಗರದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಮನೆಮಾತು ತಮಿಳು. ಸ್ವಲ್ಪ ಜಂಬದ ಮನುಷ್ಯ. ಜರಿ ಹಚ್ಚಿದ ಕೆಂಪು ಕೋಟನ್ನು ತಾವೇ ಇಸ್ತ್ರಿ ಮಾಡಬೇಕು, ಹೆಂಡತಿಯೂ ಮುಟ್ಟುವಂತಿಲ್ಲ. ನಾನು ಹುಟ್ಟುವ ಮೊದಲು ಒಂದು ಗೌರಿ ಹಬ್ಬದ ದಿನ, ತವರಿನ ಅರಿಶಿನ ಕುಂಕುಮ ತರುವವರೇ ಇಲ್ಲವೆಂದು ಅಮ್ಮ ಬಚ್ಚಲ ಹತ್ತಿರ ಕೂತು ಅಳುತ್ತಿದ್ದಳಂತೆ. ಸಂಜೆಗೆ ಮಾಮ ರವಿಕೆ ಬಟ್ಟೆ, ಬಳೆ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. "ನನಗೂ ತಂಗಚ್ಚಿ ಇಲ್ಲ. ತಗೋಮ್ಮಾ" ಎಂದರು. ಆಮೇಲೆ ಒಂದು ಗೌರಿಯೂ ತಪ್ಪಲಿಲ್ಲ.

ಈ ಕತೆ ಕೇಳಿದ ಮೇಡಂ ಹೇಳಿದರು: "ರಕ್ತದ್ದೂ ಅಲ್ಲ, ಮದುವೆಯದ್ದೂ ಅಲ್ಲ. ಇದನ್ನ ಕಲ್ಪಿತ ಬಂಧುತ್ವ ಅಂತಾರೆ. ಚುಕ್ಕೆಗೆರೆ ಹಾಕಿ." ಹಾಕಿದೆ. ಆದರೆ ಕಲ್ಪಿತ ಎಂಬ ಮಾತು ನನಗೆ ಹಿಡಿಸಲಿಲ್ಲ, ಇವತ್ತಿಗೂ ಹಿಡಿಸುವುದಿಲ್ಲ. ಜ್ವರ ಬಂದಾಗ ನನ್ನನ್ನು ಹೆಗಲಿಗೆ ಹಾಕಿಕೊಂಡು ಹಲಸೂರಿನ ಡಾಕ್ಟರ ಹತ್ತಿರ ಓಡಿದ್ದು ಯಾವ ಕಲ್ಪನೆ? ನನಗೆ ಅವರೆಂದರೆ ಪ್ರಾಣ.

ಎರಡು ಸಾವಿರದ ಇಸವಿ ಕಳೆದ ಮೇಲೆ ನನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವಣಗಿತ್ತಿಯನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಮಾಮನೇ ಕರೆತರಬೇಕೆಂಬುದು ಅಮ್ಮನ ಆಸೆ, ನನ್ನ ಹಟ. ಅತ್ತೆ ಸಿಡಿದರು. "ವಾದ್ಯ ಊದೋರು ಬಾಗಿಲಾಚೆ ನಿಲ್ತಾರೆ. ಜಾತಿ ಬೇರೆ, ಭಾಷೆ ಬೇರೆ. ಹೊರಮಾವಿನವನಿಗೆ ಹೇಳ್ಕಳ್ಸಿದೀನಿ, ಬರ್ತಾನೆ."

ಮದುವೆಯ ಬೆಳಿಗ್ಗೆ, ಇಂದಿರಾನಗರದ ಛತ್ರದ ಕೋಣೆಯ ಕಿಟಕಿಯಿಂದ ನೋಡಿದೆ. ಅಮ್ಮ ಕೊಟ್ಟಿದ್ದ ರೇಷ್ಮೆ ಪಂಚೆ ಉಡದೆ, ಮಾಮ ಕೆಂಪು ಕೋಟು ತೊಟ್ಟು ಗೇಟಿನ ಬಳಿ ಬ್ಯಾಂಡಿನವರ ಸಾಲಿನಲ್ಲಿ ನಿಂತಿದ್ದರು. ಹೊರಮಾವಿನವರು ಪೇಟ ಸುತ್ತಿಕೊಂಡು ಒಳಗೆ ಮುಂದಿನ ಸಾಲಿನಲ್ಲಿ ಕೂತಾಗಿತ್ತು. ಅಮ್ಮ ಗೇಟಿಗೆ ನಡೆದಳು.

"ನಿಮ್ಮನೆಯವರ ಅಕ್ಕ ಹೇಳಿದ್ದು ಗೋಡೆ ಈಚೆಗೂ ಕೇಳಿಸ್ತಮ್ಮಾ" ಎಂದರು ಮಾಮ. "ನಾನು ಇಲ್ಲೇ ಊದ್ತೀನಿ. ಮಗು ಮದುವೇಲಿ ಗಲಾಟೆ ಬೇಡ."

"ಗೌರಿ ಹಬ್ಬಕ್ಕೆ ಬರುವಾಗ ಯಾರನ್ನ ಕೇಳ್ಕೊಂಡು ಬಂದ್ರಿ?" ಅಮ್ಮ ಅವರ ಕೈಯಿಂದ ಕ್ಲಾರಿನೆಟ್ ಕಿತ್ತುಕೊಂಡಳು.

ಮಾಮ ಹಾಗೇ ಕೆಂಪು ಕೋಟಿನಲ್ಲಿ, ಬೂಟು ಬಿಚ್ಚಿ, ಒಳಗೆ ಬಂದರು. ಎಷ್ಟೋ ಮದುವೆಗಳಿಗೆ ಊದಿದವರು ಮಂಟಪದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನನ್ನ ಕೈ ಹಿಡಿದರು.

ಎದುರಿಗೆ ಅಂತರಪಟ ಹಿಡಿದಿದ್ದರು. ಅದರಾಚೆ ಮದುಮಗ, ಈಚೆ ನಾವಿಬ್ಬರು. ಬದುಕಿನ ದೊಡ್ಡ ತಿರುವುಗಳಿಗೆ ಮೂರು ಘಟ್ಟಗಳಿರುತ್ತವೆಂದು ಮೇಡಂ ಕಲಿಸಿದ್ದರು: ಹಳೆಯದನ್ನು ಬಿಡುವುದು, ಎಲ್ಲಿಗೂ ಸೇರದೆ ನಡುವೆ ನಿಲ್ಲುವುದು, ಹೊಸದಕ್ಕೆ ಸೇರುವುದು. ಆ ನಡುವಿನದನ್ನು ಹೊಸ್ತಿಲ ಸ್ಥಿತಿ ಎನ್ನುತ್ತಾರೆ. ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಈಗ ಮಗಳೂ ಅಲ್ಲದೆ, ಹೆಂಡತಿಯೂ ಆಗದೆ ಅಲ್ಲಿ ನಿಂತಿದ್ದೆ, ಮತ್ತು ನನ್ನ ಪಕ್ಕದವರಿಗೆ ನನಗಿಂತ ಹೆಚ್ಚು ಭಯವಾಗಿತ್ತು.

ಪುರೋಹಿತರು ಕೋಟನ್ನೊಮ್ಮೆ ನೋಡಿ, ಸಭೆಯ ಕಡೆ ತಿರುಗಿ ಕೇಳಿದರು: "ಸೋದರಮಾವ ಯಾರು?"

ಹೊರಮಾವಿನವರು ಕುರ್ಚಿಯಿಂದ ಅರ್ಧ ಎದ್ದರು. ಅತ್ತೆ ಬಾಯಿ ತೆರೆದರು. ಅಮ್ಮ ಕ್ಲಾರಿನೆಟ್ಟನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಮಂಟಪದ ಮೂಲೆಯಲ್ಲಿ ನಿಂತಿದ್ದಳು. ಮಾಮನ ಬೆರಳುಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದವು.

"ನಾನೇ ಸ್ವಾಮಿ" ಎಂದರು.

ಹೊರಮಾವಿನವರು ಕೂತರು. ಗಟ್ಟಿಮೇಳದ ಹೊತ್ತಿಗೆ ಹೊರಗಿನಿಂದ ಕ್ಲಾರಿನೆಟ್ ಇಲ್ಲದೆ ಬರೀ ಡೋಲು ಕೇಳಿಸಿತು.